ಸುಬೇದಾರರ ನಾಯಿಗೆ ನಾನು ಕತ್ತರಿ ಹಾಕಿದ್ದು

ಎಮರ್ಜೆನ್ಸಿಯ ಆ ವರ್ಷ ಖಾಕಿ ಪ್ಯಾಂಟು ಹಾಕಿದವರು ಯಾರೇ ಊರೊಳಗೆ ಕಾಲಿಟ್ಟರೂ ನಮ್ಮ ಓಣಿಯ ಗಂಡಸರು ಹಿತ್ತಲ ಗೋಡೆ ಹಾರಿ ಹೊಲದ ಕಡೆ ಓಡುತ್ತಿದ್ದರು. ಹಿಡಿದುಕೊಂಡು ಹೋಗಿ ಮಕ್ಕಳಾಗದ ಆಪರೇಶನ್ ಮಾಡಿಸುತ್ತಾರೆ ಎಂಬ ಹೆದರಿಕೆ. ಹಾಗಾಗಿ ಖಾಕಿ ಪ್ಯಾಂಟಿನವರೊಬ್ಬರು ಸೈಕಲ್ ಮೇಲೆ ಬಂದು ಇಂಗಳೇಶ್ವರದ ನಮ್ಮ ಮನೆಯ ಕಟ್ಟೆಗೆ ಕಾಲು ಕೊಟ್ಟು ನಿಂತಾಗ, ಇಡೀ ಓಣಿಯಲ್ಲಿ ಗಂಡು ಅಂತ ಉಳಿದದ್ದು ನಮ್ಮ ಹೋತ ಒಂದೇ.

"ಕುರಿ ಕತ್ತರ್ಸೋರ ಮನಿ ಇದ ಏನು?"

"ಹೌದ್ರಿ. ಆದ್ರ ಗಂಡಸರಿಲ್ಲ. ಕುರಿ ಹೊಡಕೊಂಡು ತಂಗಡಗಿ ಕಡೆ ಹೊಳಿ ದಂಡಿಗೆ ಹೋಗ್ಯಾರ."

"ಗಂಡಸರ ಆಗಬೇಕಂತಿಲ್ಲ. ಕತ್ತರಿ ಹಿಡ್ಯಾಕ ಬರೋರು ಯಾರರ ಇದ್ರ ಸಾಕು. ನನ್ನ ನಾಯೀದು ಕೂದ್ಲಾ ತಗೀಬೇಕಾಗೇತಿ."

ಒಳಗಿನಿಂದ ನನ್ನ ಅತ್ತೆ ಕೆಮ್ಮಿದಳು. ಅದರರ್ಥ ಮಾತು ಬೆಳೆಸಬೇಡ ಅಂತ. ನನಗೂ ಹಾಗೇ ಅನಿಸಿತ್ತು. ನಾಯಿಯ ಕೂದಲು ತೆಗೆಸಲು ಸೈಕಲ್ ತುಳಿದು ಬರುವವರನ್ನು ನಾನು ಕಂಡಿರಲಿಲ್ಲ. ಮೊದಲು ನಾಯಿ ಅನ್ನುತ್ತಾರೆ, ಆಮೇಲೆ ಮನೆಯಲ್ಲಿ ಗಂಡಸರು ಎಷ್ಟು ಮಂದಿ ಅನ್ನುತ್ತಾರೆ.

"ಹಜಾಮರನ್ನ ಕರೀರಲ್ರಿ" ಅಂದೆ.

"ಕೇಳಿದೆ. ನಾಯಿ ಮ್ಯಾಲ ಆಡಿಸಿದ ಕತ್ತಿಗೆ ನಾಳಿ ಗಲ್ಲ ಕೊಡೋರು ಯಾರ್ರಿ ಅಂದ."

ಆ ಮಾತು ಕೇಳಿ, ಇವರು ಹೇಳುತ್ತಿರುವುದು ನಿಜವಿರಬಹುದು ಎಂದು ಮೊದಲ ಸಲ ಅನಿಸಿತು. ಸುಳ್ಳು ಹೇಳುವವರು ತಮಗೇ ಅವಮಾನವಾದ ಸಂಗತಿ ಹೇಳುವುದಿಲ್ಲ.

ಅವರು ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರು. ಬಾಗೇವಾಡಿ ದಾರಿಯಲ್ಲಿ ಬಾವಿ ಇರುವ ಹೊಲ ಅವರದು, ಮನೆಯೂ ಅಲ್ಲೇ. ಹಿಮದ ಗುಡ್ಡದಲ್ಲಿ ಕೆಲಸಕ್ಕಿದ್ದಾಗ ಒಂದು ಮರಿ ಸಾಕಿದ್ದರಂತೆ. ನಿವೃತ್ತಿಯ ದಿನ ಟ್ರಂಕಿನ ಜೊತೆ ಅದನ್ನೂ ತಂದರು. ಅಲ್ಲಿಯ ಚಳಿಗೆ ದೇವರು ಕೊಟ್ಟ ಕೂದಲು ಇಲ್ಲಿಯ ಬಿಸಿಲಿನಲ್ಲಿ ಜಡೆಗಟ್ಟಿ, ಅದರೊಳಗೆ ಉತ್ತರಾಣಿ ಮುಳ್ಳು ಸೇರಿ, ಮೈ ಹುಣ್ಣಾಗಿತ್ತು. ದನದ ಡಾಕ್ಟರು ನೋಡಿ, ಕೂದಲು ತೆಗೆಯದಿದ್ದರೆ ಹುಳ ಬೀಳುತ್ತವೆ ಅಂದಿದ್ದರು.

ಕುರಿ ಕತ್ತರಿಸುವುದು ನಮ್ಮಲ್ಲಿ ಗಂಡಸರ ಕೆಲಸ. ನನ್ನಪ್ಪನಿಗೆ ಗಂಡು ಮಕ್ಕಳಿರಲಿಲ್ಲ, ಆದ್ದರಿಂದ ಕತ್ತರಿ ನನ್ನ ಕೈಗೆ ಬಂದಿತ್ತು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಬಂದ ವಿದ್ಯೆ ಅದೊಂದೇ. ಬೇಸಿಗೆಯಲ್ಲಿ ನಮ್ಮ ಕುರಿ ಅವರ ಬಾವಿಯ ತೊಟ್ಟಿಯಲ್ಲಿ ನೀರು ಕುಡಿಯಬಹುದು ಎಂದು ಸುಬೇದಾರರು ಒಪ್ಪಿದರು. ನಾನೂ ಒಪ್ಪಿದೆ.

ಆ ಹೊತ್ತಿಗೇ ನಮ್ಮ ಮನೆಯಲ್ಲಿ ನಾದಿನಿಯ ಮದುವೆ ಗೊತ್ತಾಗಿತ್ತು. ಬೀಗರು ಇಂಡಿ ಕಡೆಯ ತಾಂಬಾದವರು. ನಮ್ಮಲ್ಲಿ ಮದುಮಕ್ಕಳು ಕೂಡುವುದು ಕಂಬಳಿಯ ಮೇಲೆ. ಆ ಕಂಬಳಿಯ ನೂಲನ್ನು ಹೆಣ್ಣಿನ ಮನೆಯವರೇ ನೂಲಬೇಕು. ಕುರಿಯ ಉಣ್ಣೆ ಬಿಟ್ಟು ಬೇರೆ ಏನೂ ಅದರೊಳಗೆ ಸೇರುವಂತಿಲ್ಲ. ಸೇರಿತು ಎಂಬ ಮಾತು ಹೊರಗೆ ಬಿದ್ದರೆ ಬೀಗರು ಎದ್ದು ಹೋಗುತ್ತಾರೆ. ನೂಲುವವರು ನಾನು ಮತ್ತು ಅತ್ತೆ. ನೇಯುವವನು ನನ್ನ ಗಂಡನ ಕಾಕಾ. ಅವನ ಮಗ್ಗ ನಮ್ಮ ಓಣಿಯ ಕೊನೆಗಿತ್ತು.

ಮೊದಲ ದಿನ ಹೊಲಕ್ಕೆ ಹೋದಾಗ ನಾಯಿ ಬೇವಿನ ಗಿಡದ ಕೆಳಗೆ ಬಿದ್ದಿತ್ತು. ಎದ್ದು ನನ್ನನ್ನು ನೋಡಿತು. ಬಾಲ ಅಲ್ಲಾಡಿಸಲಿಲ್ಲ, ಬೊಗಳಲೂ ಇಲ್ಲ. ಕೈಯಲ್ಲಿದ್ದ ಕತ್ತರಿಯನ್ನಷ್ಟೇ ನೋಡಿತು. ಬೊಗಳುವ ನಾಯಿಯ ಅಂದಾಜು ಸಿಗುತ್ತದೆ. ಇದು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಜಾತಿ.

"ಮೊದ್ಲ ಮೈ ತೊಳೀಬೇಕ್ರಿ" ಅಂದೆ.

ಕುರಿಯನ್ನು ನಾವು ಹಾಗೇ ಮಾಡುವುದು. ಹಳ್ಳಕ್ಕಿಳಿಸಿ ಮೈ ತಿಕ್ಕಿ ತೊಳೆಯಬೇಕು, ಎರಡು ದಿನ ಹುಲ್ಲಿನ ಮೇಲೆ ಒಣಗಲು ಬಿಡಬೇಕು, ಮೂರನೆಯ ದಿನ ಕತ್ತರಿ ಹಾಕಬೇಕು. ಅಂಟುವಾಳದ ನೊರೆ ಹಚ್ಚಿ ನಾಯಿಯನ್ನು ಜೋರಾಗಿ ತಿಕ್ಕಿದೆ. ಸುಬೇದಾರರು ಸರಪಳಿ ಹಿಡಿದು ನಿಂತಿದ್ದರು.

ಮೂರನೆಯ ದಿನ ಹೋಗಿ ಮುಟ್ಟಿದರೆ ಜಡೆಗಳೆಲ್ಲ ಬಿಗಿದು ಹಲಗೆಯ ಹಾಗಾಗಿದ್ದವು. ಮೊದಲು ಬೆರಳು ತೂರುತ್ತಿದ್ದ ಕಡೆ ಈಗ ಉಗುರು ತೂರುವುದಿಲ್ಲ. ಚರ್ಮವನ್ನು ಹಿಡಿದು ಎಳೆಯುತ್ತಿವೆ, ನಾಯಿ ನಡೆದರೆ ಕುಂಟುತ್ತದೆ. ನನಗೆ ನಾಚಿಕೆಯಾಗಬೇಕಿತ್ತು, ಯಾಕೆಂದರೆ ಇದು ನನಗೆ ಗೊತ್ತಿದ್ದ ವಿಷಯ. ಕಾಕಾ ಕಂಬಳಿ ನೇಯ್ದ ಮೇಲೆ ಬಿಸಿನೀರು ಹಾಕಿ ತುಳಿಯುವುದು ಏಕೆ? ಎಳೆ ಎಳೆ ಹಿಡಿದುಕೊಂಡು ಕಂಬಳಿ ದಪ್ಪಗಾಗಲಿ ಎಂದೇ. ನಾನು ಬದುಕಿರುವ ನಾಯಿಯ ಮೈಮೇಲೆ ಅದನ್ನೇ ಮಾಡಿದ್ದೆ. ಕುರಿಯ ಉಣ್ಣೆಯಲ್ಲಿ ಜಿಡ್ಡಿರುತ್ತದೆ, ತೊಳೆದರೂ ಬಿಡಿಯಾಗಿಯೇ ಇರುತ್ತದೆ. ಜಡೆಗಟ್ಟಿದ ನಾಯಿಗೆ ಆ ಆಸರೆ ಇಲ್ಲ.

"ನೀ ಖರೇನ ಕುರಿ ಕತ್ತರ್ಸಿದಾಕಿನ ಏನ?" ಎಂದರು ಸುಬೇದಾರರು.

ಮರುಕ್ಷಣವೇ ಎರಡನೆಯ ತಪ್ಪು ಮಾಡಿದೆ. ಕುರಿಯಂತೆ ನಾಯಿಯ ನಾಲ್ಕೂ ಕಾಲು ಸೇರಿಸಿ ಕಟ್ಟಿ ಮಗ್ಗುಲಿಗೆ ಕೆಡವಿದೆ. ಕುರಿ ಕೆಡವಿದರೆ ಸುಮ್ಮನಾಗುತ್ತದೆ. ಕುರಿಯ ಚರ್ಮ ಬಿಗಿ ಇರುತ್ತದೆ, ಕತ್ತರಿ ಅದಕ್ಕೆ ಒರಗಿ ಜಾರುತ್ತ ಹೋಗುತ್ತದೆ. ನಾಯಿಯ ಚರ್ಮ ಸಡಿಲ. ಮುಂಗಾಲಿನ ಸಂದಿಯ ಜಡೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದರೆ ಅದರ ಜೊತೆ ಚರ್ಮವೂ ಡೇರೆಯ ಬಟ್ಟೆಯಂತೆ ಎದ್ದಿತು. ನಾನು ಕೂದಲು ಅಂದುಕೊಂಡು ಚರ್ಮ ಕತ್ತರಿಸಿದೆ. ರಕ್ತ ಬಂತು. ನಾಯಿ ಕತ್ತು ತಿರುಗಿಸಿ ನನ್ನ ಮಣಿಕಟ್ಟು ಹಿಡಿಯಿತು. ನಾಲ್ಕು ಹಲ್ಲಿನ ಗುರುತು.

ಗಾಯ ತೊಳೆದು ಇಬ್ಬರಿಗೂ ಅರಿಷಿಣ ಹಚ್ಚಿದ್ದಾಯಿತು.

"ಸಾಹೇಬ್ರ, ನಾಯಿಗೆ ಹುಚ್ಚಿನ ಸೂಜಿ ಹಾಕ್ಸೀರೇನು?"

"ಮಿಲಿಟರಿಯೊಳಗ ಹಾಕ್ಸೇನಿ" ಎಂದು ಒಂದು ಕಾಗದ ತಂದು ತೋರಿಸಿದರು. ಅದು ಇಂಗ್ಲಿಷಿನಲ್ಲಿತ್ತು. ಸೂಜಿ ನಾಯಿಗೆ ಹಾಕಿದ್ದೋ ಅವರಿಗೆ ಹಾಕಿದ್ದೋ ನನಗೆ ಹೇಗೆ ಗೊತ್ತಾಗಬೇಕು? ಆಗ ನಾಯಿ ಕಡಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಬೇಕು, ಅದು ನೀರು ಕುಡಿಯುತ್ತಿದ್ದರೆ ನಮಗೂ ಭಯವಿಲ್ಲ ಅನ್ನುತ್ತಿದ್ದರು. ಅದು ಸರಿಯೋ ತಪ್ಪೋ, ನಾನು ನಂಬಿದ್ದು ಅದನ್ನೇ. ದಿನಾ ಬೆಳಗ್ಗೆ ಹೊಲಕ್ಕೆ ಹೋಗಿ ನಾಯಿಯ ಮುಂದೆ ನೀರಿಟ್ಟು ಕುಳಿತೆ. ನಾನು ಅದನ್ನು ನೋಡುವುದು, ಅದು ನನ್ನನ್ನು ನೋಡುವುದು. ಸುಬೇದಾರರು ಇಬ್ಬರನ್ನೂ ನೋಡುವುದು.

ನಾನು ಕೆಲಸ ಕಲಿತದ್ದು ಹಾಗೆ ಕುಳಿತು. ನಾಯಿ ತನ್ನ ಮೈಯನ್ನು ಎಲ್ಲಿ ಕಚ್ಚಿಕೊಳ್ಳುತ್ತದೋ ಅಲ್ಲೇ ಜಡೆ ಚರ್ಮವನ್ನು ಎಳೆಯುತ್ತಿದೆ ಎಂದು ಗೊತ್ತಾಯಿತು. ಕಿವಿಯ ಹಿಂದೆ, ಮುಂಗಾಲಿನ ಸಂದಿ, ಬಾಲದ ಬುಡ. ಮಲಗಿಸಿದರೆ ಅದಕ್ಕೆ ಸಿಟ್ಟು, ನಿಂತಾಗ ಸಹಿಸುತ್ತದೆ. ಬೆನ್ನು ಮುಟ್ಟಿದರೆ ಸುಮ್ಮನಿರುತ್ತದೆ, ಕಾಲು ಮುಟ್ಟಿದರೆ ತುಟಿ ಎತ್ತುತ್ತದೆ.

ಕಡಿತವಾಗಿ ನಾಲ್ಕನೆಯ ದಿನ ದೊಡ್ಡ ಕತ್ತರಿ ಮನೆಯಲ್ಲೇ ಬಿಟ್ಟೆ. ಕುಸುಬಿ ಎಣ್ಣೆ, ತಲೆ ಬಾಚುವ ಮರದ ಹಣಿಗೆ, ಬಟ್ಟೆ ಹೊಲಿಯುವವರ ಸಣ್ಣ ಕತ್ತರಿ ಒಯ್ದೆ. ನಾಯಿಯನ್ನು ನಿಲ್ಲಿಸಿ ಒಂದೊಂದೇ ಜಡೆಗೆ ಎಣ್ಣೆ ಹಚ್ಚಿ ಬೆರಳಿನಿಂದ ಹಿಂಜಿದೆ. ಆಮೇಲೆ ಜಡೆಯನ್ನು ಎತ್ತಲಿಲ್ಲ. ಅದರ ಬುಡದಲ್ಲಿ, ಚರ್ಮಕ್ಕೂ ಜಡೆಗೂ ನಡುವೆ ಹಣಿಗೆ ತೂರಿಸಿದೆ. ಹಣಿಗೆಯ ಮೇಲೆ ಕತ್ತರಿ, ಕೆಳಗೆ ಚರ್ಮ. ಹಣಿಗೆ ದಾಟಿ ಕತ್ತರಿ ಇಳಿಯುವಂತಿಲ್ಲ. ಹಣಿಗೆ ತೂರದಷ್ಟು ಬಿಗಿಯಾದ ಜಡೆಯನ್ನು ಅಡ್ಡ ಕತ್ತರಿಸದೆ ಕೂದಲು ಬೆಳೆದ ದಿಕ್ಕಿಗೇ ಉದ್ದುದ್ದ ಸೀಳಿ ಎರಡು ಮಾಡಿದೆ, ಎರಡನ್ನು ನಾಲ್ಕು ಮಾಡಿದೆ. ಆಗ ಸಡಿಲವಾಗುತ್ತಿತ್ತು. ಒಂದು ದಿನಕ್ಕೆ ಅಂಗೈ ಅಗಲದಷ್ಟು ಜಾಗ. ಅದಕ್ಕಿಂತ ಹೆಚ್ಚಿಗೆ ನಾಯಿ ಬಿಡುತ್ತಿರಲಿಲ್ಲ. ಕಂಕುಳಿನ ಜಡೆ ತೆಗೆದಾಗ ಕೆಳಗೆ ಉಣುಗುಗಳು ಜೋಳದ ಕಾಳಿನಂತೆ ಸಾಲಾಗಿ ಕುಳಿತಿದ್ದವು.

ಕಡಿತವಾಗಿ ಎಂಟನೆಯ ದಿನ ಎಡಮಗ್ಗುಲಿನ ಜಡೆ ಬಿಟ್ಟಿತು. ಮೇಲಿನ ಒರಟು ಕೂದಲಿನ ಕೆಳಗೆ ಇನ್ನೊಂದು ಪದರ ಇತ್ತು. ಹಣಿಗೆ ಎಳೆದರೆ ಅರಳೆಯಂತೆ ಬಂತು. ಕಪ್ಪಗೆ, ಹಗುರ, ನಮ್ಮ ಯಾವ ಮರಿಯ ಮೊದಲ ಉಣ್ಣೆಯೂ ಅಷ್ಟು ಮೆತ್ತಗಿರಲಿಲ್ಲ. ಹುಟ್ಟಿದಾಗಿನಿಂದ ನೂತ ಕೈ ನನ್ನದು. ಒಂದು ಹಿಡಿ ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ತಂದೆ. ಯಾರೂ ಇಲ್ಲದಾಗ ಕದಿರಿಗೆ ಹಾಕಿ ನೂತೆ. ಎಳೆ ನಿಲ್ಲುತ್ತದೋ ಜಾರುತ್ತದೋ ನೋಡಬೇಕಿತ್ತು. ನಿಂತಿತು. ಅರ್ಧ ಕದಿರು ತುಂಬಿತು. ಆಮೇಲೆ ಎಸೆದರಾಯಿತು ಎಂದು ಕದಿರನ್ನು ಗೋಡೆಯ ಗೂಡಿನಲ್ಲಿಟ್ಟೆ.

ಮರುದಿನ ಸುಬೇದಾರರು ಬಾಗಿಲಲ್ಲೇ ತಡೆದರು.

"ನಿನ್ನಿ ಸೆರಗಿನ್ಯಾಗ ಏನ್ ಕಟಗೊಂಡು ಹೋದಿ?"

"ಕೂದ್ಲಾರಿ."

"ಯಾಕ? ನನ್ನ ಮನೀದು ಕೂದ್ಲಾ ನಿನಗ್ಯಾಕ ಬೇಕಾತು? ಮಾಟ ಗೀಟ ಮಾಡ್ಸಾಕ ಯಾರರ ಹೇಳ್ಯಾರೇನು?"

"ಮಾಟ ಮಾಡ್ಸೋರು ನಾಯಿಗೆ ಮಾಡಸ್ತಾರೇನ್ರಿ? ನಿಮ್ಮ ತಲಿ ಕೂದ್ಲಾ ಒಯ್ತಿದ್ರು."

ಅವರಿಗೆ ತಲೆಯಲ್ಲಿ ಕೂದಲಿರಲಿಲ್ಲ. ನಗಲೋ ಬೈಯಲೋ ತಿಳಿಯದೆ ಬೇವಿನ ಗಿಡದ ಹಿಂದೆ ಕುಣಿ ತೋಡಿಸಿದರು. ಇನ್ನು ಮೇಲೆ ಒಂದೊಂದು ಎಳೆಯೂ ಅವರ ಕಣ್ಣೆದುರು ಆ ಕುಣಿಗೇ ಬೀಳಬೇಕು ಎಂದರು. ಸರಿ ಅಂದೆ.

ಅವತ್ತು ಸಂಜೆ ನೀರಿಗೆ ಹೋದಾಗ ಊರ ಬಾವಿಯ ಹತ್ತಿರ ಒಬ್ಬಳು, "ಯವ್ವಾ, ನಾಯಿ ಕಂಬ್ಳಿ ಯಾವಾಗ ನೇಸ್ತಿ? ನಮ್ಮ ಮನಿಗೂ ಒಂದ ಇರಲಿ, ಕಳ್ಳರು ಬರಾಂಗಿಲ್ಲ" ಅಂದಳು. ಎಲ್ಲರೂ ನಕ್ಕರು. ನಾನು ಕೊಡ ಅಲ್ಲೇ ಬಿಟ್ಟು ಮನೆಗೆ ಬಂದೆ. ಗೂಡಿನಲ್ಲಿ ಕದಿರು ಇತ್ತು. ನೂಲು ಇರಲಿಲ್ಲ.

"ಅತ್ತಿ, ಗೂಡಿನ್ಯಾಗಿನ ಕದರ ಮ್ಯಾಲಿನ ನೂಲ ಎಲ್ಲಿ?"

"ಇದ್ದದ್ದೆಲ್ಲಾ ಉಂಡಿ ಕಟ್ಟಿ ಮಧ್ಯಾಹ್ನ ನಿಮ್ಮ ಕಾಕಾಗ ಕೊಟ್ಟ ಬಂದೆ. ಹೊಕ್ಕಿಗೆ ನೂಲ ಕಮ್ಮಿ ಬಿತ್ತು ಅಂದಿದ್ದ."

"ಅದು ನಾಯೀದು."

ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ನಿನ್ನ ಕದರ ಮ್ಯಾಲ ನಾಯಿ ಕುಂತೈತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಸುಮ್ಮನಿರು. ಕಪ್ಪಿನೊಳಗ ಕಪ್ಪು. ಯಾರಿಗೆ ತಿಳೀತೈತಿ?"

ಅದು ನಿಜ. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾನು ಹೊಲಕ್ಕೆ ಹೋಗುವುದು ಊರಿಗೆ ಗೊತ್ತಿತ್ತು, ಸೆರಗಿನಲ್ಲಿ ಕೂದಲು ತಂದದ್ದು ಸುಬೇದಾರರಿಗೆ ಗೊತ್ತಿತ್ತು, ನೂಲು ಸೇರಿದ್ದು ಅತ್ತೆಗೆ ಗೊತ್ತಿತ್ತು. ಮೂರು ಬಾಯಿ ಒಂದು ಕಡೆ ಸೇರಲು ಎಷ್ಟು ದಿನ ಬೇಕು? ಸೇರಿದ ದಿನ ನನ್ನ ನಾದಿನಿ ತಾಂಬಾದಲ್ಲಿರುತ್ತಾಳೆ, ಅವಳ ಪರವಾಗಿ ಮಾತಾಡಲು ಅಲ್ಲಿ ನಮ್ಮವರು ಯಾರೂ ಇರುವುದಿಲ್ಲ. ಅದನ್ನು ನೆನೆದಾಗ ನನಗೆ ಕಾಕಾನ ಬೈಗುಳವೇ ಹಗುರ ಅನಿಸಿತು.

ಬೆಳಗ್ಗೆ ಮಗ್ಗಕ್ಕೆ ಹೋದೆ. ಕಾಕಾ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದ. ಎರಡು ಮೊಳ ಕಂಬಳಿ ಆಗಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಲಾಳಿ ಕೆಳಗಿಟ್ಟ.

"ಇದನ್ನ ಯಾಕ ಹೇಳಾಕತ್ತಿ? ಯಾರರ ನೋಡ್ಯಾರೇನು?"

"ನೂಲೂದು ಯಾರೂ ನೋಡಿಲ್ಲ."

"ನೋಡಿಲ್ಲಂದ್ರ ಯಾಕ ಹೇಳ್ತಿ? ನಿಮ್ಮತ್ತಿ ಮ್ಯಾಲಿನ ಸಿಟ್ಟು ನನ್ನ ಮಗ್ಗಕ್ಕ ಹಾಕಾಕ ಬಂದೀಯೇನು?"

"ಅದರ ಮ್ಯಾಲ ಕೂಡೋಳು ನನ್ನ ನಾದಿನಿ. ಬಿಚ್ಚು ಕಾಕಾ."

ಅವನು ಮಗ್ಗದ ಮೇಲೆ ಬಾಗಿ ಎಳೆ ನೋಡಿದ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಹಳೆಯ ನೂಲು. ಹುಣಸೆ ಬೀಜದ ಗಂಜಿ ಹಚ್ಚಿ ವಾರದ ಹಿಂದೆಯೇ ಮಗ್ಗಕ್ಕೇರಿದ್ದವು. ಅನುಮಾನ ಇದ್ದದ್ದು ಅಡ್ಡ ಹಾಯುವ ಹೊಕ್ಕಿನ ನೂಲಿನ ಮೇಲೆ ಮಾತ್ರ. ಆದರೆ ಅತ್ತೆ ತಂದ ಉಂಡೆಗಳಲ್ಲಿ ಕೆಲವು ಆಗಲೇ ನೇಯ್ದಾಗಿತ್ತು.

ನಾಯಿಯ ಕೂದಲು ಎಷ್ಟೇ ಮೆತ್ತಗಿರಲಿ, ಹಸಿಯಾದರೆ ನಾಯಿಯೇ. ಅದು ನನಗೆ ತೊಳೆದ ದಿನವೇ ಗೊತ್ತಾಗಿತ್ತು. ಬಿಸಿನೀರು ತರಿಸಿದೆ. ಉಳಿದ ಉಂಡೆಗಳನ್ನು ಒಂದೊಂದಾಗಿ ಅದ್ದಿ ಮೂಸಿದೆ. ಎಲ್ಲದರಲ್ಲೂ ಕುರಿಯ ಜಿಡ್ಡಿನ ವಾಸನೆ. ಆಮೇಲೆ ನೇಯ್ದ ಎರಡು ಮೊಳಕ್ಕೆ ನೀರು ಚಿಮುಕಿಸಿದೆವು.

"ನನ್ನ ಮೂಗು ತಪಕೀರಿಗೆ ಹೋಗಿ ಇಪ್ಪತ್ತು ವರ್ಷಾತು" ಎಂದ ಕಾಕಾ ನಶ್ಯದ ಡಬ್ಬಿ ತಟ್ಟುತ್ತ. "ನೀನ ಮೂಸು. ಆದ್ರ ನಿನ್ನ ಒಬ್ಬಾಕಿ ಮೂಗ ನಾ ನಂಬೂದಿಲ್ಲ."

ಅತ್ತೆಯನ್ನು ಕರೆಸಿದ. ನನ್ನನ್ನು ಹೊರಗೆ ನಿಲ್ಲಿಸಿ ಅವಳಿಗೆ ಮೂಸಲು ಹೇಳಿದ. ಆಮೇಲೆ ಅವಳನ್ನು ಹೊರಗೆ ಕಳಿಸಿ ನನ್ನನ್ನು ಒಳಗೆ ಕರೆದ. ಇಬ್ಬರೂ ತೋರಿಸಿದ ಜಾಗ ಒಂದೇ. ಎಡ ಅಂಚಿನಿಂದ ಬಲ ಅಂಚಿನವರೆಗೆ ನಾಲ್ಕು ಬೆರಳಿನ ಪಟ್ಟೆ.

ಹಸಿ ಕಂಬಳಿಯಲ್ಲಿ ಅತ್ತೆಯ ಮೂಗು ಅಷ್ಟು ಸಲೀಸಾಗಿ ಹಿಡಿದ ನೂಲು, ಉಂಡೆ ಕಟ್ಟುವಾಗ ಅಷ್ಟು ಮೆತ್ತಗಿದ್ದರೂ ಅವಳ ಕೈಗೆ ಯಾಕೆ ಗೊತ್ತಾಗಲಿಲ್ಲ? ಆಗಲೇ ಕೇಳಬೇಕಿತ್ತು. ಮದುವೆಯ ಮನೆ ಎಂದು ಸುಮ್ಮನಾದೆ. ಆಮೇಲೆ ಕೇಳಿದರೂ ಅವಳು ಹೇಳಲಿಲ್ಲ.

ಕಾಕಾ ಬಿಚ್ಚಿದ. ನೇಯುವುದಕ್ಕಿಂತ ಬಿಚ್ಚುವುದು ಕಷ್ಟ. ಉಣ್ಣೆಯ ಎಳೆ ಎಳೆಗೆ ಹಲ್ಲು ಕಚ್ಚಿರುತ್ತದೆ. ಪಟ್ಟೆಗೆ ತಲುಪಬೇಕಾದರೆ ಅದರ ಮುಂದೆ ನೇಯ್ದ ಒಂದು ಮೊಳವನ್ನೂ ಬಿಚ್ಚಬೇಕಿತ್ತು. ಸಂಜೆಯತನಕ ಹಿಡಿಯಿತು. ಹಾಸಿನ ಎಳೆ ಎಷ್ಟೋ ಕಡೆ ತುಂಡಾದವು, ಉಗುಳು ಹಚ್ಚಿ ಹೊಸೆದು ಸೇರಿಸಿದ. ಕೊನೆಗೆ ನಾಯಿಯ ನೂಲನ್ನು ಒಂದು ಮುದ್ದೆ ಮಾಡಿ ನನ್ನ ಕಾಲ ಬಳಿ ಎಸೆದ.

"ನಾಯಿ ಬ್ಯಾರೆ, ಮಗ್ಗ ಬ್ಯಾರೆ. ಒಂದ ಆರಿಸ್ಕೋ."

"ಅರ್ಧಾ ಕತ್ತರ್ಸಿದ ನಾಯಿ ಬಿಟ್ಟು ಬರಾಕ ಆಗೂದಿಲ್ಲ ಕಾಕಾ. ಬಲಮಗ್ಗಲಾ ಪೂರಾ ಹಂಗ ಐತಿ. ಹುಳಾ ಬೀಳ್ತಾವ."

"ಹಂಗಾದ್ರ ಮದುವಿ ಆಗೋತನಕ ಉಣ್ಣಿ ನೂಲ ಮುಟ್ಟಬ್ಯಾಡ. ಆ ಹೊಲದಾಗ ಉಡೋ ಸೀರಿ ಆ ಹೊಲದಾಗ ಇರಲಿ."

ಹಾಗೇ ಮಾಡಿದೆ. ಬಿಚ್ಚಿ ಹಾಳಾದಷ್ಟನ್ನು ಅತ್ತೆ ಹೊಸದಾಗಿ ನೂತಳು. ನಾನು ನನ್ನ ನೂಲಿನ ಮುದ್ದೆಯನ್ನು ಸುಬೇದಾರರ ಕುಣಿಗೆ ಹಾಕಿದೆ. ಅವರು ಅದನ್ನು ಕೋಲಿನಿಂದ ತಿರುವಿ ನೋಡಿ, "ಇಷ್ಟ ಛಂದ ನೂತು ಚೆಲ್ತೀಯಲ್ಲ" ಅಂದರು. ಅಷ್ಟು ದಿನಕ್ಕೆ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ನನಗೆ ಅದು ಬೇಕಿರಲಿಲ್ಲ.

ಕಡಿತದ ಹತ್ತು ದಿನ ಕಳೆದವು. ನಾಯಿ ನೀರು ಕುಡಿಯುತ್ತಲೇ ಇತ್ತು, ನನಗೂ ಏನೂ ಆಗಲಿಲ್ಲ. ಬಲಮಗ್ಗುಲು ಎಡದಷ್ಟು ತಡವಾಗಲಿಲ್ಲ. ಜಡೆ ಪೂರ್ತಿ ಬಿಟ್ಟ ಮೇಲೆ ದೊಡ್ಡ ಕತ್ತರಿ ತಂದು ಮೈಯನ್ನು ಸಮ ಮಾಡತೊಡಗಿದೆ. ಕತ್ತರಿಯನ್ನು ಕೂದಲಿಗೆ ಎದುರಾಗಿ ಓಡಿಸಿದರೆ ಮೆಟ್ಟಿಲು ಬೀಳುತ್ತವೆ, ಕೂದಲು ಮಲಗಿದ ದಿಕ್ಕಿಗೇ ಓಡಿಸಬೇಕು. ಇದು ಗೊತ್ತಾಗುವಷ್ಟರಲ್ಲಿ ಸೊಂಟದ ಮೇಲೆ ಮೂರು ಮೆಟ್ಟಿಲು ಬಿದ್ದಾಗಿತ್ತು.

"ಪೂರಾ ಬೋಳ್ಸಿಬಿಡು" ಎಂದರು ಸುಬೇದಾರರು. "ತಂಪಾಗಿರ್ತೈತಿ."

"ಆಗೂದಿಲ್ರಿ. ಬೋಳ್ಸಿದ ಕುರಿ ಚರ್ಮ ನಮ್ಮ ಬಿಸಲಿಗೆ ಸುಟ್ಟು ಸುಲೀತೈತಿ. ಒಂದ ಬೆರಳ ದಪ್ಪ ಬಿಡ್ತೇನಿ."

"ಕೆಲಸ ಕಮ್ಮಿ ಮಾಡಾಕ ನೆಪ ಹೇಳ್ತಿ."

"ನಿಮ್ಮ ತಲಿ ಮಧ್ಯಾಹ್ನ ಟೋಪಿ ಇಲ್ದ ಎಷ್ಟ ಹೊತ್ತ ತಡೀತೈತಿ ಹೇಳ್ರಿ, ಆಮ್ಯಾಲ ಬೋಳಸ್ತೇನಿ."

ಅವರು ತಲೆ ಸವರಿಕೊಂಡರು. ಕೊನೆಗೆ ಹಿಂಗಾಲು, ಆಮೇಲೆ ಬಾಲ. ಬಾಲದ ಬುಡಕ್ಕೆ ಬಂದಾಗ ನಾಯಿ ತುಟಿ ಎತ್ತಿತು. ನಾನು ಕತ್ತರಿ ಕೆಳಗಿಟ್ಟೆ. ಅದು ತುಟಿ ಇಳಿಸಿತು. ಎತ್ತಿಕೊಂಡೆ, ತುಟಿ ಎತ್ತಿತು. ಹೀಗೆ ಐದಾರು ಸಲ ಆದ ಮೇಲೆ ಬಾಲವನ್ನು ಬಿಟ್ಟೇಬಿಟ್ಟೆ. ಬುಡದ ಮುಳ್ಳುಗಳನ್ನಷ್ಟೇ ಬೆರಳಿನಿಂದ ತೆಗೆದೆ. ಹೀಗಾಗಿ ಮೈಯೆಲ್ಲ ಕುರಿಯಂತೆ, ಬಾಲ ಮಾತ್ರ ನರಿಯಂತೆ ಉಳಿಯಿತು. ಸುಬೇದಾರರು ಪರೇಡು ನೋಡುವವರ ಹಾಗೆ ಒಂದು ಸುತ್ತು ಹಾಕಿ, ಸೊಂಟದ ಮೆಟ್ಟಿಲು ಎಣಿಸಿ ಒಳಗೆ ಹೋದರು. ನಾಯಿ ಮೈ ಕೊಡವಿ ತೊಟ್ಟಿಯ ಪಕ್ಕದ ಕೆಸರಿನಲ್ಲಿ ಹೊಟ್ಟೆಯಾನಿಸಿ ಮಲಗಿತು. ಕಣ್ಣು ಮಾತ್ರ ಕತ್ತರಿಯ ಮೇಲಿತ್ತು.

ಮದುವೆ ನಮ್ಮ ಅಂಗಳದಲ್ಲೇ ಆಯಿತು. ಕಾಕಾ ಕಂಬಳಿ ತಂದು ಹಾಸಿದ. ಮದುಮಕ್ಕಳನ್ನು ಕೂಡಿಸಬೇಕು ಅನ್ನುವಷ್ಟರಲ್ಲಿ ಹುಡುಗನ ಅತ್ತೆ, ಅಂದರೆ ಅವನ ಅಪ್ಪನ ಅಕ್ಕ, ಕೈ ಅಡ್ಡ ಹಿಡಿದಳು.

"ತಡೀರಿ. ಬಸ್ಸಿನ್ಯಾಗ ಒಂದ ಮಾತು ಕೇಳಿ ಬಂದೇನಿ. ಒಂದ ತಂಬಿಗಿ ನೀರ ಕೊಡ್ರಿ."

ವಾದ್ಯ ನಿಂತಿತು. ನಾದಿನಿ ತಲೆ ಎತ್ತದೆ ಬಾಸಿಂಗವನ್ನು ಕೈಯಲ್ಲಿ ಹಿಡಿದುಕೊಂಡಳು. ಕಾಕಾ ತಪಕೀರಿನ ಡಬ್ಬಿ ತೆಗೆದು, ಸೇದದೆ, ಮತ್ತೆ ಕಿಸೆಗೆ ಹಾಕಿದ. ನಾನೇ ಹೋಗಿ ನೀರು ತಂದೆ, ಬಿಸಿನೀರು. ಆ ಮುದುಕಿ ಕಂಬಳಿಯ ನಡುವೆ ನೀರು ಸುರಿದು, ಮಂಡಿಯೂರಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಮೂಗು ಹಚ್ಚಿ ಮೂಸುತ್ತ ಹೋದಳು. ಅವಸರ ಮಾಡಲಿಲ್ಲ. ಎಳೆ ಸೇರಿಸಿದ ಜಾಗದಲ್ಲಿ ನಿಂತಳು, ಉಗುರಿನಿಂದ ಕೆರೆದಳು, ಮತ್ತೆ ಮೂಸಿದಳು.

"ಕುರೀನ ಐತಿ" ಅಂದಳು. "ಕೂಡಸ್ರಿ."

ವಾದ್ಯ ಶುರುವಾಯಿತು. ಅತ್ತೆ ಪರಾತದಲ್ಲಿ ಅಕ್ಕಿಕಾಳು ಹಿಡಿದು ಎಲ್ಲರಿಗೂ ಹಂಚುತ್ತ ಬಂದಳು. ನನ್ನ ಸರದಿ ಬಂದಾಗ ಕೈ ಚಾಚಿದೆ. ಅವಳು ನನ್ನ ಕೈಯನ್ನು ಹಿಡಿದು ಮೂಗಿನ ಹತ್ತಿರ ಒಯ್ದು, ಮೂಸಿ ನೋಡಿ, ಆಮೇಲೆ ಅಕ್ಕಿ ಹಾಕಿದಳು.